ಫ್ರೀಜರಿಗೆ ಹೊದಿಸಿದ ಶಾಲು

ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗಿ ಕೆಲಸಕ್ಕೆ ಸೇರಿದ ವಾರವೇ ಸೇಡಂನ ನಮ್ಮ ಮನೆಗೆ ಬಂದಿದ್ದಳು. "ಮೇಡಂ, ಕ್ಯಾನ್ಸರ್ ಸಂಶೋಧನೆಗಿ ಸಹಾಯ ಮಾಡೂದಂದ್ರ ಎಷ್ಟ್ ಪುಣ್ಯದ ಕೆಲಸ ಅಲ್ರಿ?" ಅಂದಳು. ಪುಣ್ಯದ ಬಗ್ಗೆ ನನಗೆ ಹೆಚ್ಚು ತಿಳಿಯದು, ಬ್ಯಾನರುಗಳ ಬಗ್ಗೆ ಬೇಕಾದರೆ ಕೇಳು ಎಂದು ಚಹಾ ಕೊಟ್ಟು ಕಳಿಸಿದೆ. ಅವಳ ಮುಖ ಸಪ್ಪಗಾಯಿತು. ಪಾಪ, ಇನ್ನೂ ಚಿಕ್ಕವಳು, ಸ್ವಲ್ಪ ಬಿಡಿಸಿ ಹೇಳಬೇಕಿತ್ತು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಶಹಾಬಾದಿನ ಒಂದು ಟ್ರಸ್ಟಿನಲ್ಲಿ, ಕ್ಷೇತ್ರಾಧಿಕಾರಿಯಾಗಿ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರದಲ್ಲಿ ದೊಡ್ಡವರಾದ ವೀರಭದ್ರಪ್ಪ ಸಾವ್ಕಾರರು, ತಮ್ಮ ತಾಯಿ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಕಟ್ಟಿದ ಸಂಸ್ಥೆ. ದಾನಿಗಳಿಂದ ಹಣ ಕೂಡಿಸಿ ಸಂಶೋಧನೆ ಮಾಡುವ ವೈದ್ಯರಿಗೆ ಕೊಡುವುದು ಒಂದು ಕೆಲಸ. ಆ ಸಂಶೋಧನೆಗೆ ಬೇಕಾದ ಜನರನ್ನು ಹಳ್ಳಿಗಳಲ್ಲಿ ಹುಡುಕಿ, ಒಪ್ಪಿಸಿ, ಆಸ್ಪತ್ರೆಗೆ ಮುಟ್ಟಿಸುವುದು ಇನ್ನೊಂದು. ಮೊದಲನೆಯದು ಸಾವ್ಕಾರರ ಪಾಲಿನದು, ಎರಡನೆಯದು ನನ್ನದು ಎಂದು ಹೇಳಿ ನೇಮಿಸಿಕೊಂಡಿದ್ದರು. ಎರಡೂ ನನ್ನವೇ ಎಂದು ಸೇರಿದ ಮೇಲೆ ಗೊತ್ತಾಯಿತು.

ಸಂದರ್ಶನ ನಡೆದದ್ದು ಒಂದೇ ಪ್ರಶ್ನೆಯಲ್ಲಿ. ಹೆಸರು ಕೇಳಿದರು. ಮಾಲತಿಬಾಯಿ ಎಂದೆ. "ಬಾಯಿ ಕ್ಯಾನ್ಸರಿನ ಕೆಲಸಕ್ಕ ಹೆಸರಿನಾಗೇ ಬಾಯಿ ಅದ. ಮತ್ತೇನ್ ಬೇಕ್ರಿ?" ಎಂದು ಸಾವ್ಕಾರರು ತಮ್ಮ ಮಾತಿಗೆ ತಾವೇ ಹೊಟ್ಟೆ ಹಿಡಿದು ನಕ್ಕರು. ನನ್ನ ಪದವಿಯ ಕಾಗದಗಳನ್ನು ಯಾರೂ ಬಿಚ್ಚಿ ನೋಡಲಿಲ್ಲ.

ನಮ್ಮದು ವೈಷ್ಣವರ ಮನೆ, ಮಡಿ ಮೈಲಿಗೆ ಗಟ್ಟಿ. ಜೊಲ್ಲಿನ ಮಾದರಿ ಸಂಗ್ರಹಿಸುವುದು ಎಂದರೇನೆಂದು ನಾನು ಎಷ್ಟೇ ಶಾಸ್ತ್ರೀಯವಾಗಿ ವಿವರಿಸಿದರೂ ನಮ್ಮತ್ತೆ, "ಊರ ಎಂಜಲೆಲ್ಲ ಡಬ್ಬ್ಯಾಗ ತುಂಬ್ಕೊಂಡು ತಿರಗ್ತೀಯಲ್ಲ! ಹಿತ್ತಲದಿಂದ ಬಾ, ಕಾಲು ತೊಳ್ಕೊಂಡು ಬಾ" ಎನ್ನುತ್ತಿದ್ದರು. ಮುಂದೆ ನಾನು ಕಂಡ ಅನೇಕ ಪದಾಧಿಕಾರಿಗಳಿಗಿಂತ ಅವರೇ ನನ್ನ ಕೆಲಸವನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದರು.

ಹಣ ಕೂಡಿಸುವ ವಿಷಯ ಮೊದಲು ಹೇಳಿಬಿಡುತ್ತೇನೆ. ದಾನಿಗಳಿಗೆ ಸಂಶೋಧನೆ ಎಂದರೆ ಆಗಿಬರುವುದಿಲ್ಲ, ಅದರ ಮೇಲೆ ಹೆಸರು ಬರೆಸಲು ಜಾಗವಿಲ್ಲ. ಬೆಂಚಿನ ಬೆನ್ನಿಗೆ, ನೀರಿನ ಟಾಕಿಗೆ, ಅಂಬುಲೆನ್ಸಿನ ನಾಲ್ಕೂ ಮಗ್ಗುಲಿಗೆ ತಂದೆಯ ಹೆಸರು ಬರೆಸಬಹುದು. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತವಳ ಬೆನ್ನ ಮೇಲೆ ಬರೆಸಲಾಗುತ್ತದೆಯೇ? ಚಿತ್ತಾಪುರದ ಮುಖಂಡರೊಬ್ಬರು ಹಣ ಕೊಡಲು ಒಪ್ಪಿ, ಒಂದೇ ಒಂದು ಷರತ್ತು ಹಾಕಿದರು: "ನಮ್ಮ ರೊಕ್ಕ ನಮ್ಮ ತಾಲ್ಲೂಕಿನ ಕ್ಯಾನ್ಸರಿಗೇ ಹೋಗಬೇಕ್ರಿ. ಸೇಡಂ ಕ್ಯಾನ್ಸರಿಗಿ ಹೋಗಬಾರ್ದು." ಎರಡೂ ಕಡೆಯ ಕ್ಯಾನ್ಸರ್ ಒಂದೇ ಎಂದು ಹೇಳಿದ್ದಕ್ಕೆ ಅವರು ನೊಂದುಕೊಂಡರು.

ವಾಡಿಯಲ್ಲಿ ಪ್ರತಿವರ್ಷ ಜಾಗೃತಿ ನಡಿಗೆ ಇರುತ್ತಿತ್ತು. ಎಲ್ಲರಿಗೂ ಟೋಪಿ, ಎಲ್ಲರಿಗೂ ಅಂಗಿ, ಕೊನೆಗೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ. ಬಂದ ಹಣ ಟೋಪಿಗೂ ಮಿರ್ಚಿಗೂ ಹೋಗಿ, ಸಂಶೋಧನೆಯ ಪಾಲಿಗೆ ಜಾಗೃತಿ ಮಾತ್ರ ಉಳಿಯುತ್ತಿತ್ತು. ಚಂದ್ರಂಪಳ್ಳಿ ಕೆರೆಯ ಹತ್ತಿರ ನಡೆಸಿದ ಶಿಬಿರದಲ್ಲಿ ದಾನಿಗಳ ಫೋಟೋ ಇದ್ದ ಬ್ಯಾನರು ಡೇರೆಗಿಂತ ದೊಡ್ಡದಾಗಿ ಬಂದಿತ್ತು. ಚಿಂಚೋಳಿ ಕಡೆಯ ಜನ ಅದನ್ನು ನೋಡಿ, ಇದು ಚುನಾವಣೆಯ ಸಭೆ ಎಂದು ತಿಳಿದು ಒಳಗೇ ಬರಲಿಲ್ಲ. ಕೊನೆಗೆ ಬ್ಯಾನರನ್ನು ನೆರಳಿಗೆಂದು ಮೇಲೆ ಕಟ್ಟಿಸಿದೆ, ಆಮೇಲೆ ಬಂದರು. ಈಗ ಊರೂರು ಸುತ್ತಿ ಕೂಗುವ ಜೀಪೂ ಇಲ್ಲ, ಧ್ವನಿವರ್ಧಕವೂ ಇಲ್ಲ. ಮೊಬೈಲಿಗೆ ವೀಡಿಯೋ ಕಳಿಸುತ್ತಾರೆ, ಕೆಳಗೆ ಹಣ ಹಾಕುವ ಚೌಕದ ಗುರುತು. ಜನ ಹೂವಿನ ಚಿತ್ರ ಕಳಿಸಿ ಮುಗಿಸುತ್ತಾರೆ.

ಹಣ ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಹೊರ ಊರಿನ ವೈದ್ಯರ ಒಂದು ಸಮಿತಿ ಇತ್ತು. ಸಾವ್ಕಾರರ ಗೆಳೆಯರೊಬ್ಬರು ತಮ್ಮ ಕಷಾಯಕ್ಕೆ ನೆರವು ಕೇಳಿದ್ದರು. ಗುಣವಾಗುವುದು ಖಾತ್ರಿ ಇರುವುದರಿಂದ ಸಂಶೋಧನೆ ಬೇಕಿಲ್ಲ, ಜಾಹೀರಾತಿಗಷ್ಟೇ ಹಣ ಸಾಕು ಎಂದು ಬರೆದಿದ್ದರು. ಸಮಿತಿ ಬೇಡ ಎಂದಿತು. ಸಾವ್ಕಾರರು ಅದಕ್ಕೆ ಎದುರಾಡಲಿಲ್ಲ, ಗೆಳೆತನವೇ ಮುರಿದುಹೋಯಿತು. ಸಾವ್ಕಾರರ ಬಗ್ಗೆ ಮುಂದೆ ಬಹಳ ಕೆಟ್ಟದ್ದು ಹೇಳುವವಳಿದ್ದೇನೆ, ಇದನ್ನೂ ಹೇಳಬೇಕು.

ಸಮಿತಿ ಆರಿಸಿದ್ದು ಡಾಕ್ಟರ್ ನಸ್ರೀನ್ ಅವರನ್ನು. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿದ್ದ ತರುಣಿ, ಮಾತು ಕಡಿಮೆ. ಜೊಲ್ಲನ್ನು ಪರೀಕ್ಷಿಸಿಯೇ ಬಾಯಿ ಕ್ಯಾನ್ಸರನ್ನು ಮೊದಲ ಹಂತದಲ್ಲಿ ಹಿಡಿಯಬಹುದೇ ಎಂಬುದು ಅವರ ಪ್ರಶ್ನೆ. ಅದಕ್ಕೆ ರೋಗ ಇರುವವರ, ಇಲ್ಲದವರ ಜೊಲ್ಲು ಬೇಕು. ರೋಗಿಗಳ ಗಂಟಿನ ಚೂರು, ಅದೂ ಚಿಕಿತ್ಸೆಗೆ ಮೊದಲು ತೆಗೆದದ್ದು, ಬೇಕು. ಅವನ್ನೆಲ್ಲ ಇಡಲು ಮೈ ಕೊರೆಯುವ ಚಳಿಗಿಂತ ಎಷ್ಟೋ ಪಾಲು ತಣ್ಣಗಿರುವ ಒಂದು ಫ್ರೀಜರ್ ಬೇಕು.

ಫ್ರೀಜರ್ ಎಂದ ಕೂಡಲೇ ಸಾವ್ಕಾರರ ಮುಖ ಅರಳಿತು. ಅದಕ್ಕೆ ಬಾಗಿಲು ಇರುತ್ತದೆ, ಬಾಗಿಲಿಗೆ ಹೆಸರು ಬರೆಸಬಹುದು. ಆದರೆ ಅದನ್ನು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಇಡುತ್ತಾರೆಂದು ತಿಳಿದು ತಕರಾರು ತೆಗೆದರು.

"ಅಲ್ಲಿ ಯಾರ್ ನೋಡ್ತಾರ್ರಿ? ನಮ್ಮ ಆಫೀಸಿನ ಹಾಲ್‌ನಾಗ ಇಡ್ರಿ. ಬಂದೋರು ನೋಡಿ ನಾಲ್ಕ್ ರೊಕ್ಕ ಕೊಡ್ತಾರ."

"ಅದು ನೋಡೂದಕ್ಕಲ್ರಿ ಸಾವ್ಕಾರ್ರ" ಎಂದರು ನಸ್ರೀನ್.

"ನೋಡೂದಕ್ಕಲ್ಲಂದ್ರ ಕೊಡೂದಕ್ಕೂ ಅಲ್ಲ ನೋಡ್ರಿ ಡಾಕ್ಟ್ರೇ."

ನಸ್ರೀನ್ ನನ್ನ ಕಡೆ ನೋಡಿದರು. ಫ್ರೀಜರೇ ಇಲ್ಲದಿರುವುದಕ್ಕಿಂತ ಹಾಲ್‌ನಲ್ಲಿ ಇರುವುದು ವಾಸಿ ಎಂದು ಇಬ್ಬರೂ ತಲೆಯಾಡಿಸಿದೆವು. ಸಾವ್ಕಾರರ ತಾಯಿಯ ಫೋಟೋದ ಕೆಳಗೆ, ಹೂವಿನ ಹಾರ ಹಾಕಿಸಿಕೊಂಡು, ತೆಂಗಿನಕಾಯಿಯ ನೀರು ಕುಡಿದು ಅದು ಕೆಲಸ ಶುರುಮಾಡಿತು.

ಮಾದರಿ ಕೊಟ್ಟವರಲ್ಲಿ ರಾವೂರಿನ ಶರಣಮ್ಮ ಒಬ್ಬಳು. ಕಲ್ಲಿನ ಗಣಿಯ ಕೆಲಸದವಳು, ಗಲ್ಲದಲ್ಲಿ ತಂಬಾಕು ಇಟ್ಟುಕೊಂಡೇ ದಿನ ಕಳೆದವಳು. ಶಿಬಿರಕ್ಕೆ ಬಂದಾಗ ಕೆನ್ನೆಯ ಒಳಮಗ್ಗುಲಲ್ಲಿ ಗಂಟಾಗಿತ್ತು. ಶಸ್ತ್ರಚಿಕಿತ್ಸೆಗೆ ಮೊದಲು ನಸ್ರೀನ್ ಅವಳ ಪಕ್ಕ ಕೂತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಒಂದು ಚೂರು ಸಂಶೋಧನೆಗಿ ಕೊಡ್ತೀರೇನಮ್ಮಾ? ಇದರಿಂದ ನಿಮಗ ಫಾಯಿದಾ ಆಗ್ತದಂತ ನಾ ಹೇಳಂಗಿಲ್ಲ. ಮುಂದ ಯಾರಿಗರೆ ಆಗಬಹುದು."

"ಯಾರಿಗರೆ ಅಂದ್ರ ಯಾರಿಗಿ?"

"ಗೊತ್ತಿಲ್ರಿ."

"ಖರೇ ಮಾತಾಡ್ತಿ ನೀ. ತಗೋ" ಎಂದಳು ಶರಣಮ್ಮ.

ಫ್ರೀಜರಿನ ಅರ್ಧ ತುಂಬುವಷ್ಟರಲ್ಲಿ ಸಾವ್ಕಾರರ ತಾಯಿಯ ಪುಣ್ಯತಿಥಿ ಬಂತು. ಅದೇ ಹಾಲ್‌ನಲ್ಲಿ ಸಮಾರಂಭ. ವೇದಿಕೆ, ಕೂಲರು, ಧ್ವನಿವರ್ಧಕ, ದಾನಿಗಳಿಗೆಲ್ಲ ಸನ್ಮಾನ. ನಾನು ಅಂದು ಮಾದರಿ ಕೊಡುವ ಜನರನ್ನು ಹುಡುಕಲು ಚಿಂಚೋಳಿಗೆ ಹೋಗಿದ್ದೆ, ಅಲ್ಲಿಂದ ನೇರ ಮನೆ ಸೇರಿದೆ. ನಡೆದದ್ದನ್ನು ಆಮೇಲೆ ಆಫೀಸಿನ ಅಟೆಂಡರನ ಬಾಯಿಂದ ಕೇಳಿದ್ದು. ಸಾವ್ಕಾರರು ತಾಯಿಯ ನೆನಪಿನಲ್ಲಿ ಗದ್ಗದಿತರಾಗಿ ಮಾತಾಡುವಾಗ ಹಿಂದಿನಿಂದ ಫ್ರೀಜರು ಗುಂಯ್ ಗುಟ್ಟುತ್ತಿತ್ತಂತೆ. ಮೈಕಿನಲ್ಲಿಯೇ, "ಏ, ಅದನ್ನ ಬಂದ್ ಮಾಡ್ರೋ, ಮಾತು ಕೇಳವಲ್ದು" ಎಂದರಂತೆ. ಮೈಕಿನವನು ತಂತಿ ಎಳೆದ. ಸ್ವಲ್ಪ ಹೊತ್ತಿನ ಮೇಲೆ ಫ್ರೀಜರು ಕೀಂ ಕೀಂ ಎಂದು ಅರಚಿಕೊಳ್ಳತೊಡಗಿತು. ಒಳಗೆ ಬಿಸಿಯಾಗುತ್ತಿದೆ ಎಂದು ತಿಳಿಸಲು, ಕರೆಂಟು ಹೋದರೂ ಬಡಿದುಕೊಳ್ಳುವ ಗಂಟೆಯೊಂದು ಅದರಲ್ಲಿತ್ತು. ಸಭೆಯಲ್ಲಿದ್ದವರು ಅದರ ಮೇಲೆ ಸನ್ಮಾನಕ್ಕೆ ತಂದಿದ್ದ ಶಾಲುಗಳನ್ನು ಒಂದರ ಮೇಲೊಂದು ಹೊದಿಸಿದರು. ದನಿ ಅಡಗಿತು. ಭಾಷಣ ಮುಗಿಯಿತು, ಊಟ ಆಯಿತು, ಮರುದಿನ ಭಾನುವಾರ.

ಸೋಮವಾರ ನಾನು ಬಾಗಿಲು ತೆಗೆದಾಗ ಹಾಲ್‌ನಲ್ಲಿ ವಾಸನೆ ಇತ್ತು. ಶಾಲು ಎತ್ತಿದೆ. ಕೆಳಗೆ ಫರ್ಸಿಯ ಮೇಲೆ ನೀರು ಹರಡಿತ್ತು.

ನಸ್ರೀನ್ ಕಲಬುರಗಿಯಿಂದ ಬಂದು ಒಂದೊಂದೇ ಸೀಸೆ ತೆಗೆದು ನೋಡಿದರು. ಯಾರನ್ನೂ ಬೈಯಲಿಲ್ಲ. ಎಲ್ಲ ನೋಡಿ ಮುಗಿಸಿ, ಕೈಗವಸು ಕಳಚಿ, "ಅಕ್ಕಾ, ಇವರಿಗೆಲ್ಲ ಹೇಳಬೇಕು" ಎಂದರು.

ಸಾವ್ಕಾರರಿಗೆ ಅದು ಅರ್ಥವೇ ಆಗಲಿಲ್ಲ. "ಹೇಳೂದ್ಯಾಕ್ರಿ ಮಾಲತಿಬಾಯಿ? ಅವರೇನ್ ವಾಪಸ್ ಕೇಳ್ಯಾರೇನು? ಇನ್ನೊಂದಿಷ್ಟು ತರ್ರಿ. ಮಂದಿ ಬಾಯಾಗ ಜೊಲ್ಲಿಗೇನ್ ಬರ ಬಂದದೇನು?"

"ಜೊಲ್ಲು ತರಬಹುದ್ರಿ. ಕೊಯ್ದು ತೆಗೆದ ಗಂಟು ಎಲ್ಲಿಂದ ತರೂದ್ರಿ?" ಎಂದೆ.

ಅವರು ಕರ್ಚೀಪು ತೆಗೆದು ಮುಖ ಒರೆಸಿಕೊಂಡರು. "ಹೇಳಿದ್ರ ಟ್ರಸ್ಟಿನ ಹೆಸರು ಹೋಗ್ತದ" ಎಂದರು.

ನಾನೂ ನಸ್ರೀನೂ ಅವರನ್ನು ಕೇಳದೆ ಹೊರಟೆವು. ಮೊದಲು ರಾವೂರಿಗೆ. ಶರಣಮ್ಮ ಆಗ ಚಿಕಿತ್ಸೆ ಮುಗಿಸಿ ಮನೆಯಲ್ಲಿದ್ದಳು. ಒಂದು ಕಡೆಯ ಗಲ್ಲ ಒಳಗೆ ಸೇರಿತ್ತು, ಮಾತು ಇನ್ನೊಂದು ಕಡೆಯಿಂದ ಬರುತ್ತಿತ್ತು. ನಸ್ರೀನ್ ಸುತ್ತುಬಳಸದೆ ಹೇಳಿದರು. ಕರೆಂಟು ತೆಗೆದರು, ಎಲ್ಲ ಕೆಟ್ಟುಹೋಯಿತು, ನಿಮ್ಮದೂ ಹೋಯಿತು.

ಶರಣಮ್ಮ ಒಲೆಯ ಮುಂದಿನಿಂದ ಎದ್ದಳು. "ನನ್ನ ಗಲ್ಲದ ಮಾಂಸ ಅದು. ಬಿಸಲಿಗಿಟ್ಟ ಹಾಲಿನಂಗ ಕೆಡಿಸಿದ್ರಿ?"

"ಹೌದ್ರಿ" ಎಂದರು ನಸ್ರೀನ್.

"ಯಾರ್ ತೆಗೆದ್ರು ಕರೆಂಟು?"

ಅವಳು ನನ್ನ ಕಡೆ ತಿರುಗಿದಳು. "ಬಾಯಾರ, ನೀವು ಹೇಳ್ರಿ. ಈ ಹುಡುಗಿ ಅಲ್ಲ ತೆಗೆದಾಕಿ. ಅಕಿ ಮುಖ ನೋಡಿದ್ರ ಗೊತ್ತಾಗ್ತದ. ಯಾರು?"

ಹೇಳಿದೆ.

"ಹಂಗಾದ್ರ ನೀವ್ಯಾಕ ಬಂದೀರಿ? ಅವರ್ನ ಕರಕೊಂಡು ಬರ್ರಿ. ಅವರೇ ಹೇಳ್ಲಿ."

ಉಳಿದ ಮನೆಗಳಿಗೆ ಹೋಗುವಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ಎಲ್ಲ ಕಡೆ ಅದೇ ಉತ್ತರ: ಸಾವ್ಕಾರರು ಶರಣಮ್ಮನ ಮುಂದೆ ಬಂದು ಹೇಳಲಿ, ಆಮೇಲೆ ನೋಡೋಣ. ಹೊಸ ಮಾದರಿ ಸಿಗದಿದ್ದರೆ ನೆರವು ನಿಲ್ಲಿಸುತ್ತೇವೆ ಎಂದು ಸಮಿತಿಯೂ ತಿಳಿಸಿತು. ತಾಯಿಯ ಹೆಸರಿನ ಸಂಶೋಧನೆ ನಿಂತುಹೋಯಿತು ಎಂದು ಊರಿಗೆ ಹೇಳುವುದೋ, ಗಣಿಯ ಹೆಂಗಸಿನ ಮನೆಗೆ ಹೋಗುವುದೋ ಎಂದು ಸಾವ್ಕಾರರು ವಾರಗಟ್ಟಲೆ ತೂಗಿ ನೋಡಿದರು. ಕೊನೆಗೊಂದು ದಿನ ನನ್ನನ್ನು ಕಾರಿಗೆ ಹತ್ತಿಸಿಕೊಂಡರು. ಹಿಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ ಇತ್ತು, ಶಾಲು ಇತ್ತು, ಫೋಟೋದವನೂ ಇದ್ದ. ಫೋಟೋದವನನ್ನು ವಾಡಿಯಲ್ಲಿ ಇಳಿಸುವಂತೆ ಹೇಳಲು ನನಗೆ ಅರ್ಧ ದಾರಿ ಬೇಕಾಯಿತು.

ಶರಣಮ್ಮನ ಮನೆ ಮುಂದೆ ಒಂದು ಫರ್ಸಿ ಹಾಸಿತ್ತು. "ಕುಂದ್ರಿ" ಎಂದಳು. ಆ ಭಾಗದ ಫರ್ಸಿಯಿಂದಲೇ ಬಂಗಲೆ ಕಟ್ಟಿದವರು ಅದರ ಮೇಲೆ ಕೂತರು. ಸುತ್ತ ಜನ ಸೇರಿದರು. ಸಾವ್ಕಾರರಿಗೆ ಜನ ಕಂಡರೆ ಗಂಟಲು ತಾನಾಗಿ ಬಿಚ್ಚಿಕೊಳ್ಳುತ್ತದೆ.

"ಮಾನವೀಯತೆಯ ಈ ಮಹಾ ಕಾರ್ಯದಾಗ, ಶರಣಮ್ಮನವರಂಥ ತಾಯಂದಿರ ತ್ಯಾಗ..."

"ಭಾಷಣ ಬ್ಯಾಡ್ರಿ" ಎಂದಳು ಶರಣಮ್ಮ. "ಏನಾತು ಅದನ್ನ ಹೇಳ್ರಿ."

ಅವರು ಭಾಷಣ ನಿಲ್ಲಿಸಿದರು. ಶಾಲಿನ ಪೊಟ್ಟಣ ತೊಡೆಯ ಮೇಲಿತ್ತು, ಅದರ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. "ಮಷೀನು ಸಪ್ಪಳ ಮಾಡ್ತಿತ್ತು. ನಾ ನಮ್ಮವ್ವನ ಬಗ್ಗೆ ಮಾತಾಡಾಕತ್ತಿದ್ದೆ. ಬಂದ್ ಮಾಡು ಅಂದೆ. ನಾನೇ ಅಂದೆ."

"ನಿಮ್ಮವ್ವ ಇದರಿಂದನೇ ಹೋದ್ರೇನು?"

"ಹೌದು. ಕಡೀಕ ನೀರೂ ಇಳೀತಿದ್ದಿಲ್ಲ." ಮುಂದೆ ಮಾತಾಡಲು ಆಗಲಿಲ್ಲ. ಅಷ್ಟು ವರ್ಷ ಪುಣ್ಯತಿಥಿಯಲ್ಲಿ ಕೇಳಿದ ಗದ್ಗದಕ್ಕೂ ಇದಕ್ಕೂ ವ್ಯತ್ಯಾಸ ನನಗೆ ಗೊತ್ತಾಯಿತು. ನನ್ನ ಮನಸ್ಸಿನಲ್ಲಿದ್ದ ಸಿಟ್ಟಿಗೆ ಒಂದು ಕ್ಷಣ ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಶರಣಮ್ಮ ಕರಗಲಿಲ್ಲ. "ಅಷ್ಟು ಹೇಳೂದಕ್ಕ ಇಷ್ಟು ದಿನ ಮಾಡಿದ್ರಲ್ಲ" ಎಂದಳು. "ಮಷೀನು ದವಾಖಾನೆಗಿ ಕಳಸ್ರಿ. ನನ್ನ ಹತ್ರ ಈಗ ಕೊಡೂದಕ್ಕ ಏನೂ ಉಳದಿಲ್ಲ. ಬ್ಯಾರೇದವರಿಗಿ ಕೊಡ್ರಿ ಅಂತ ನಾ ಹೇಳಂಗಿಲ್ಲ, ಬ್ಯಾಡ ಅಂತನೂ ಹೇಳಂಗಿಲ್ಲ. ಕೇಳಿದ್ರ ಆದದ್ದು ಹೇಳ್ತೀನಿ." ಹಣ್ಣು ಇಟ್ಟುಕೊಂಡಳು. ಶಾಲು ವಾಪಸು ಕಳಿಸಿದಳು.

ಫ್ರೀಜರು ಆ ವಾರವೇ ಆಸ್ಪತ್ರೆಯ ಹಿಂದಿನ ಕೋಣೆ ಸೇರಿತು. ಜನ ಮತ್ತೆ ಬಂದರು, ಮೊದಲಿನಷ್ಟಲ್ಲ. ಕೆಲಸ ಮೊದಲಿನಿಂದ ಶುರುವಾಗಿ ವರ್ಷಗಳು ಹಿಡಿದವು. ಫಲಿತಾಂಶ ಬಂದಾಗ ನಸ್ರೀನ್ ಶಹಾಬಾದಿಗೆ ತಾವೇ ಬಂದು ಹೇಳಿದರು. ಜೊಲ್ಲಿನ ಪರೀಕ್ಷೆ ಕೆಲಸ ಮಾಡುವುದಿಲ್ಲ. ರೋಗ ಇದ್ದವರಲ್ಲಿ ಬಹಳ ಜನರನ್ನು ಅದು ಬಿಟ್ಟುಬಿಟ್ಟಿತ್ತು, ಇಲ್ಲದವರನ್ನು ಸುಮ್ಮಸುಮ್ಮನೆ ಹೆದರಿಸಿತ್ತು. ಹೋಲಿಕೆಗೆಂದು ಅದೇ ಜನರ ಬಾಯಿಯನ್ನು ತರಬೇತಾದ ಆಶಾ ಕಾರ್ಯಕರ್ತೆಯರು ಬ್ಯಾಟರಿ ಹಚ್ಚಿ ಬರಿಗಣ್ಣಿನಿಂದ ನೋಡಿದ್ದರು. ಹೆಚ್ಚು ಹಿಡಿದದ್ದು ಅವರೇ.

"ಇಷ್ಟು ವರ್ಷ ರೊಕ್ಕ ಸುರದು, ಕಡೀಕ ಬ್ಯಾಟರಿ ಹಚ್ಚಿ ನೋಡ್ರಿ ಅಂತ ಹೇಳಾಕತ್ತೀರೇನು?" ಎಂದರು ಸಾವ್ಕಾರರು.

"ಹೌದ್ರಿ."

"ಇದನ್ನ ದಾನಿಗಳಿಗಿ ಹೆಂಗ ಹೇಳೂದು?"

"ಹಿಂಗೇ ಹೇಳೂದ್ರಿ" ಎಂದರು ನಸ್ರೀನ್. "ಈ ದಾರಿ ಮುಚ್ಚೇದ ಅಂತ ಗೊತ್ತಾತು. ಇನ್ನ ಯಾರೂ ಇದರಾಗ ವರ್ಷ ಕಳೀಬೇಕಿಲ್ಲ. ಅದೂ ಫಲಿತಾಂಶನೇ."

ವಾರ್ಷಿಕ ವರದಿ ಬರೆಯುವವಳು ನಾನು. 'ಪರೀಕ್ಷೆ ಕೆಲಸ ಮಾಡಲಿಲ್ಲ' ಎಂದು ಬರೆದೆ. ಸಾವ್ಕಾರರು ಅದನ್ನು ಹೊಡೆದು 'ಆಶಾದಾಯಕ ಪ್ರಗತಿ' ಎಂದು ಬರೆದು ಕಳಿಸಿದರು. ನಾನು ಮತ್ತೆ ಹೊಡೆದೆ. ಹಾಗೆ ಹೊಡೆದಾಡುತ್ತಿರುವಾಗಲೇ ಚಿತ್ತಾಪುರದಲ್ಲಿ ಆಶಾ ಕಾರ್ಯಕರ್ತೆಯರಿಗೆ ಬ್ಯಾಟರಿ ಹಂಚುವ ಕಾರ್ಯಕ್ರಮ ಬಂತು. ಫೋಟೋಕ್ಕೆ ಚೆನ್ನಾಗಿರುತ್ತದೆ ಎಂದು ಸಾವ್ಕಾರರು ಕುರ್ಚಿಯಲ್ಲಿ ಕೂತು ಬಾಯಿ ಅಗಲಿಸಿದರು. ನಸ್ರೀನ್ ಬ್ಯಾಟರಿ ಹಿಡಿದರು. ಫೋಟೋ ತೆಗೆದದ್ದಾಯಿತು. ನಸ್ರೀನ್ ಬ್ಯಾಟರಿ ತೆಗೆಯಲಿಲ್ಲ. ನಾಲಗೆ ಈ ಕಡೆ ತಳ್ಳಿ ಅಂದರು, ಆ ಕಡೆ ಅಂದರು. ಚಪ್ಪಾಳೆ ನಿಂತುಹೋಯಿತು.

"ಸಾವ್ಕಾರ್ರ, ಎಲಿ ಹಾಕ್ತೀರೇನ್ರಿ? ತಂಬಾಕಿನ ಜೋಡಿ?"

"ಊಟ ಆದಮ್ಯಾಗ ಒಂದು. ಅದೇನ್ ಚಟ ಅಲ್ರಿ, ಜೀರ್ಣಕ್ಕ."

"ನಾಳಿಗಿ ಆಸ್ಪತ್ರೆಗಿ ಬರ್ರಿ."

ನಾಲಗೆಯ ಬದಿಗೆ ಬಿಳಿ ಮಚ್ಚೆಯೊಳಗೆ ಚಿಕ್ಕ ಹುಣ್ಣು. ಮೊದಲ ಹಂತದ ಕ್ಯಾನ್ಸರ್. ಶಸ್ತ್ರಚಿಕಿತ್ಸೆಗೆ ಮೊದಲು ನಸ್ರೀನ್ ಎಲ್ಲರಿಗೂ ಹೇಳಿದಂತೆ ಅವರಿಗೂ ಹೇಳಿದರು: ಹೊಸ ಅಧ್ಯಯನ ಶುರುವಾಗಿದೆ, ಒಂದು ಚೂರು ಕೊಡುತ್ತೀರಾ, ಇದರಿಂದ ನಿಮಗೆ ಲಾಭವಿಲ್ಲ. ಸಾವ್ಕಾರರು, "ಎಲ್ಲಿ ಇಡ್ತೀರಿ ಅದನ್ನ?" ಎಂದು ಕೇಳಿದರು. ನಾನು ನಗು ತಡೆಯಲಾರದೆ ಹೊರಗೆ ಹೋದೆ, ಹೊರಗೆ ಹೋದ ಮೇಲೆ ನಗು ಬರಲಿಲ್ಲ.

ತಪಾಸಣೆಗೆ ಬಂದಿದ್ದ ಶರಣಮ್ಮನಿಗೆ ಸುದ್ದಿ ತಿಳಿಯಿತು. "ಅವರಿಗೂ ಬಂತೇನು? ಪಾಪ" ಎಂದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ, "ಭಾಷಣ ಬಂದಾಗ್ಯಾವೇನು?" ಎಂದು ಕೇಳಿ ಹೋದಳು.

ಬಂದಾಗಿದ್ದವು. ಆ ವರ್ಷದ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರ ಭಾಷಣ ಇರಲಿಲ್ಲ. ನಾಲಗೆ ಇನ್ನೂ ಮಾಯುತ್ತಿತ್ತು, ಮಾತಾಡಬಾರದೆಂದು ವೈದ್ಯರು ಹೇಳಿದ್ದರು. ಹಿಂದಿನ ದಿನ ವರದಿಯ ಪ್ರತಿಯನ್ನು ಕಳಿಸಿದ್ದೆ, ಈ ಸಲ ಒಂದು ಅಕ್ಷರವನ್ನೂ ಹೊಡೆಯದೆ ವಾಪಸು ಕಳಿಸಿದ್ದರು. ನಾನು ಎದ್ದು ನಿಂತು, ಪರೀಕ್ಷೆ ಕೆಲಸ ಮಾಡಲಿಲ್ಲ, ಬ್ಯಾಟರಿ ಹಚ್ಚಿ ನೋಡುವುದೇ ಮೇಲು ಎಂದು ಓದಿದೆ.

ಮುಂದಿನ ಸಾಲಿನಲ್ಲಿದ್ದ ಗುತ್ತಿಗೆದಾರರೊಬ್ಬರು ಎದ್ದರು, ದೊಡ್ಡ ದಾನಿ. ಎಲೆ ತಂಬಾಕು ತುಂಬಿ ಗಲ್ಲ ಉಬ್ಬಿತ್ತು, ಮಾತು ಸ್ವಲ್ಪ ತೊದಲುತ್ತಿತ್ತು. "ಹಂಗಾದ್ರ ನಮ್ಮ ರೊಕ್ಕ ನೀರಾಗ ಹೋತು ಅಂತಾತಲ್ರಿ? ಇಷ್ಟು ವರ್ಷ ಮಾಡಿ ಏನ್ ಸಿಕ್ತು? ತೋರಸ್ರಿ ನೋಡೂಣು!"

ನಾನು ಉತ್ತರಿಸಲು ಬಾಯಿ ತೆರೆದೆ. ಸಾವ್ಕಾರರು ಕೈ ಅಡ್ಡ ಹಿಡಿದರು. ವೇದಿಕೆಯಿಂದ ಮೆಲ್ಲಗೆ ಇಳಿದು ಆ ಮನುಷ್ಯನ ಮುಂದೆ ಹೋಗಿ ನಿಂತರು. ಬಾಯಿ ಅಗಲವಾಗಿ ತೆರೆದು, ಕೊಯ್ದು ಹೊಲಿದ ನಾಲಗೆಯನ್ನು ತೋರಿಸಿದರು.

ಗುತ್ತಿಗೆದಾರರು ನೋಡಿದರು. ಕೂತರು. ಆಮೇಲೆ ಎದ್ದು ಹೊರಗೆ ಹೋದರು. ಅಂಗಳದಲ್ಲಿ ಉಗುಳುವ ಸಪ್ಪಳ ಕೇಳಿಸಿತು, ಬಾಯಿ ಮುಕ್ಕಳಿಸುವ ಸಪ್ಪಳ ಕೇಳಿಸಿತು. ಒಳಗೆ ಬಂದವರು ಯಾರ ಮುಖವನ್ನೂ ನೋಡದೆ ನೇರ ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು:

"ಮಾಲತಿಬಾಯಿಯವರ, ಆ ಬ್ಯಾಟರಿ ಎಲ್ಲಿ ಅದರಿ?"